ಮಂಗಳಮ್ಮನ ಕಿವಿಡಬ್ಬಿ

"ಒಂಚೂರು ಬತ್ತೀರಾ ಮೇಷ್ಟ್ರೇ?" ಎಂದು ಪಕ್ಕದ ಮನೆಯ ಸುಬ್ರಹ್ಮಣ್ಯನವರು ಕಾಂಪೌಂಡಿನ ಆಚೆಯಿಂದ ಕರೆದರೆ ನನ್ನ ಭಾನುವಾರ ಮುಗಿಯಿತೆಂದೇ ಲೆಕ್ಕ. ಹೋಗಬೇಕು, ಅವರ ಕೆಲಸದ ಮಣೆಯಿಂದ ಮೂರಡಿ ದೂರ ಕೂರಬೇಕು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಬೋರ್ಡಿನ ಮುಂದೆ "ಒಂದು, ಎರಡು, ಮೂರು" ಎನ್ನುತ್ತಿರಬೇಕು. ಅವರು ಕಿವಿಗೆ ವೈರು ಸಿಕ್ಕಿಸಿಕೊಂಡು ಕಣ್ಣು ಮುಚ್ಚಿ ಕೇಳುತ್ತಾರೆ. ಇಪ್ಪತ್ತೆರಡು ವರ್ಷ ಶಾಲೆಯಲ್ಲಿ ಪಾಠ ಮಾಡಿದ್ದೇನೆ, ನನ್ನ ಮಾತನ್ನು ಇಷ್ಟು ಶ್ರದ್ಧೆಯಿಂದ ಕೇಳಿದವರು ಇನ್ನೊಬ್ಬರಿಲ್ಲ.

ಸುಬ್ರಹ್ಮಣ್ಯನವರು ನಾಗಮಂಗಲದ ಕಡೆಯ ಅಕ್ಕಸಾಲಿ. ಶ್ರೀರಂಗಪಟ್ಟಣದ ನಮ್ಮ ಬೀದಿಗೆ ಬಂದು ಮೂವತ್ತು ವರ್ಷವಾಯಿತು. ಜನ ಅಂಗಡಿಯ ಸಿದ್ಧ ಒಡವೆಗೆ ತಿರುಗಿದ ಮೇಲೆ ಅವರ ಪಾಲಿಗೆ ಉಳಿದದ್ದು ತುಂಡಾದ ಸರ, ಸಡಿಲಾದ ಓಲೆಯ ತಿರುಪು. ಕೈ ಸುಮ್ಮನಿರಲಾರದೆ ಮೊಬೈಲಿನಲ್ಲಿ ವಿಡಿಯೋ ನೋಡಿ ಎಲೆಕ್ಟ್ರಾನಿಕ್ಸ್ ಕಲಿತರು. "ಬೆಸುಗೆ ಬೆಸುಗೇನೇ ಕಣ್ರೀ. ಚಿನ್ನವಾದ್ರೇನು, ತವರವಾದ್ರೇನು?" ಎನ್ನುತ್ತಿದ್ದರು. ಮೊದಲು ದೇವರ ಮನೆಗೆ ಮಿಣುಕುವ ದೀಪ ಮಾಡಿದರು. ಆಮೇಲೆ, ನೀರಿನ ತೊಟ್ಟಿ ತುಂಬಿದರೆ ಕಿರುಚುವ ಗಂಟೆ. ಅದು ತೊಟ್ಟಿ ಖಾಲಿಯಿದ್ದಾಗಲೂ ಕಿರುಚುತ್ತಿತ್ತು. ಬೀದಿಯವರೆಲ್ಲ ಶಪಿಸಿದರು. ಏನೂ ಅನ್ನದೆ ಇದ್ದವರು ಅವರ ಹೆಂಡತಿ ಮಂಗಳಮ್ಮ ಒಬ್ಬರೇ. ಅವರಿಗೆ ಕಿವಿ ಕೇಳುತ್ತಿರಲಿಲ್ಲ.

ಮೈಸೂರಿನಿಂದ ತಂದ ಪುಟ್ಟ ಕಿವಿಯಂತ್ರ ಎರಡನೇ ವಾರಕ್ಕೇ ಬಟ್ಟೆ ನೆನೆಸಿದ ಬಕೆಟ್ಟಿಗೆ ಬಿದ್ದು ಕೆಟ್ಟುಹೋಗಿತ್ತು. ಕಿವಿ ಮಂದವಾದ ಸಂಗತಿಯನ್ನು ಮಂಗಳಮ್ಮ ಹೊರಗಿನವರಿಗೆ ತೋರಗೊಡಲಿಲ್ಲ. ಅದಕ್ಕೊಂದು ಉಪಾಯ ಮಾಡಿಕೊಂಡಿದ್ದರು: ಯಾರು ಏನೇ ಹೇಳಲಿ, ನಕ್ಕು "ಒಳ್ಳೇದಾಯ್ತು ಬುಡವ್ವ" ಅನ್ನುವುದು. ಹತ್ತರಲ್ಲಿ ಒಂಬತ್ತು ಸಲ ಅಷ್ಟು ಸಾಕಾಗುತ್ತಿತ್ತು. ಹತ್ತನೆಯ ಸಲ, ಹಿಂದಿನ ಬೀದಿಯ ಗೆಳತಿ ಪುಟ್ಟತಾಯಮ್ಮ ನಲ್ಲಿಯ ಹತ್ತಿರ ನಿಂತು ತನ್ನ ತಮ್ಮ ತೀರಿಹೋದ ಸುದ್ದಿ ಹೇಳಿದರು. ಮಂಗಳಮ್ಮ ನಕ್ಕು, "ಒಳ್ಳೇದಾಯ್ತು ಬುಡವ್ವ" ಎಂದರು.

ಪುಟ್ಟತಾಯಮ್ಮ ತುಂಬಿದ ಕೊಡವನ್ನು ಅಲ್ಲೇ ಬಿಟ್ಟು ಹೋದರು. ನಡೆದದ್ದೇನೆಂದು ತಿಳಿದ ದಿನದಿಂದ ಮಂಗಳಮ್ಮ ಹೊಸಿಲು ದಾಟಲಿಲ್ಲ. ಇಬ್ಬರೂ ಕೂಡಿ ಹೋಗುತ್ತಿದ್ದ ಶುಕ್ರವಾರದ ಭಜನೆಯೂ ನಿಂತಿತು. ಅದಾಗಿ ಮೂರು ವರ್ಷ.

"ಓಗಿ ಯೋಳ್ಬುಡು, ಕಿವಿ ಕೇಳ್ಸಲಿಲ್ಲ ಅಂತ!" ಎಂದು ಸುಬ್ರಹ್ಮಣ್ಯನವರು ಕೂಗುವುದು ನಮ್ಮ ಮನೆಗೂ ಕೇಳಿಸುತ್ತಿತ್ತು.

"ಓಗ್ತೀನಿ. ಅವ್ಳು ತಿರುಗಿ ಏನಾರ ಅಂದ್ರೆ? ಅದೂ ಕೇಳ್ಸಾಕಿಲ್ವಲ್ಲ. ಮತ್ತೆ ಅವ್ಳ ಮಕ ನೋಡ್ಕಂಡು ನಗ್ಲಾ?"

ಇದಕ್ಕೆ ಉತ್ತರವೇ ಆ ಬೋರ್ಡು. ಸೋಪಿನ ಡಬ್ಬಿಯೊಳಗೆ ಒಂದು ಪುಟ್ಟ ಮೈಕು, ಒಂದು ಬ್ಯಾಟರಿ, ನಲವತ್ತೆರಡು ಬೆಸುಗೆ. ಡಬ್ಬಿಯಿಂದ ಕಿವಿಗೊಂದು ವೈರು. ಮಣೆಯ ಮೇಲಿದ್ದಾಗ ಅದು ಸೊಗಸಾಗಿ ಕೇಳಿಸುತ್ತಿತ್ತು. ಮಂಗಳಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡು ಒಲೆಯ ಮುಂದೆ ಕಾಲು ಗಂಟೆ ನಿಂತರೆ ಸಾಕು, "ಅಯ್ಯೋ, ಕಿವಿಯೊಳ್ಗೆ ಯಾರೋ ಕಡ್ಲೆ ಉರೀತಾವ್ರೆ!" ಎಂದು ಕಿತ್ತು ಕೊಡುತ್ತಿದ್ದರು.

ಶುರುವಾಯಿತು ಹುಡುಕಾಟ. ಮೊದಲ ಭಾನುವಾರ ಬ್ಯಾಟರಿ ಬದಲಾಯಿತು. ಎರಡನೆಯದು ವೈರಿನ ಪಾಲಾಯಿತು. ಮೂರನೆಯ ವಾರ ಅವರು ಪೆನ್ಸಿಲಿನ ಹಿಂಬದಿಯಿಂದ ಒಂದೊಂದೇ ಬೆಸುಗೆಯನ್ನು ಕುಟ್ಟಿದರು, ನಾನು ಎಣಿಸುತ್ತ ಟಾರ್ಚು ಹಿಡಿದೆ. ಮಂಕಾಗಿ ಕಂಡ ಒಂದು ಬೆಸುಗೆ ಸಿಕ್ಕಿತು. ಭೂತಗನ್ನಡಿಯಲ್ಲಿ ನನಗೂ ತೋರಿಸಿದರು. ನನಗೆ ನನ್ನ ಹೆಬ್ಬೆರಳು ಬಿಟ್ಟು ಬೇರೇನೂ ಕಾಣಲಿಲ್ಲ, ಆದರೂ "ಓಹೋ" ಎಂದೆ. ಅದನ್ನು ಕರಗಿಸಿ ಮತ್ತೆ ಬೆಸೆದರು. ಬೆಸೆದ ಮೇಲೆ ಎಂದಿನಂತೆ ಬೋರ್ಡನ್ನು ಹುಣಸೆ ನೀರಿನಲ್ಲಿ ಅದ್ದಿ, ಅಂಟುವಾಳದ ನೊರೆಯಲ್ಲಿ ಕುಂಚದಿಂದ ಉಜ್ಜಿ, ಬಿಸಿಲಲ್ಲಿ ಒಣಗಿಸಿ, ಎರಡೂ ಕೈಯಲ್ಲಿ ಹೆಂಡತಿಗೆ ಕೊಟ್ಟರು. ಮೀಯದ ಸಾಮಾನು ಅವರ ಕೈಯಿಂದ ಆಚೆ ಹೋದದ್ದೇ ಇಲ್ಲ. ಅದು ಅವರ ಅಪ್ಪ ಕಲಿಸಿದ ಮರ್ಯಾದೆ. ನಾನೋ, ಅಕ್ಕಸಾಲಿಯ ಶಿಸ್ತೆಂದರೆ ಇದು ಎಂದು ಹೊಗಳಿದೆ.

ಕಾಲು ಗಂಟೆಗೆ ಕಡಲೆ.

ನಾಲ್ಕು ಮತ್ತು ಐದನೆಯ ವಾರ ನಲವತ್ತೆರಡನ್ನೂ ಬಿಚ್ಚಿ ಬೆಸೆದದ್ದಾಯಿತು. ಸುಬ್ರಹ್ಮಣ್ಯನವರು ತಮ್ಮ ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿಕೊಳ್ಳತೊಡಗಿದರು. ಮಂಗಳಮ್ಮ ಡಬ್ಬಿಯನ್ನು ಮಣೆಯ ಮೇಲಿಟ್ಟು, "ಇನ್ನೊಂದೇ ಸಲ ಆಕ್ಕತೀನಿ. ಆಮ್ಯಾಕೆ ಒಳೆಗೆ ಎಸ್ದು ಬನ್ನಿ. ನನ್ಗೂ ಸುಸ್ತಾಗೋಯ್ತು" ಎಂದರು.

ಆರನೆಯ ಭಾನುವಾರ ನನ್ನ ಸ್ಕೂಟರಿನಲ್ಲಿ ಪಾಂಡವಪುರಕ್ಕೆ ಹೊರಟೆವು. ಕಿರಂಗೂರಿನಿಂದ ಆಚೆಗೆ ಕಬ್ಬಿನ ಟ್ರಾಕ್ಟರೊಂದು ದಾರಿಯನ್ನೇ ಕೊಡಲಿಲ್ಲ, ನಾನೂ ಕೇಳಲಿಲ್ಲ. ಪಾಂಡವಪುರದಲ್ಲಿ ವಜೀರ್ ಪಾಷಾ ಇದ್ದಾರೆ, ಮದುವೆ ಮನೆಗಳ ಮೈಕ್‌ಸೆಟ್ಟು ರಿಪೇರಿಯವರು. ಅವರು ಬೋರ್ಡನ್ನು ತಿರುವಿ ನೋಡಿದರು.

"ಅರೆ ವಾಹ್! ಏನ್ ಬೆಸ್ಗೆ ಸಾಬ್, ಮುತ್ತು ಪೋಣ್ಸಿದಂಗೈತೆ. ಇದ್ರಾಗೆ ತಪ್ಪು ಹುಡ್ಕೋನು ಯಾವನು?"

"ತಪ್ಪೈತೆ ಅಂತ್ಲೇ ಬಂದಿರದು" ಎಂದರು ಸುಬ್ರಹ್ಮಣ್ಯನವರು.

ಹಚ್ಚಿ ನೋಡಿದರೆ, ತನಿಖೆಯವರು ಬಂದ ದಿನದ ನಮ್ಮ ಶಾಲೆಯ ಹಾಗೆ, ಒಂದು ಕೆಮ್ಮೂ ಇಲ್ಲ. ನಾನು "ಒಂದು, ಎರಡು, ಮೂರು" ಎಂದೆ. ಸ್ಪಷ್ಟವಾಗಿ ಕೇಳಿಸಿತು.

"ಅಮ್ಮ ಎಲ್ಲಿಟ್ಕೊಂತಾರೆ ಇದ್ನ?"

"ಸೊಂಟದಾಗೆ."

ಪಾಷಾ ಇಯರ್‌ಫೋನನ್ನು ನನ್ನ ಕಿವಿಗೆ ತುರುಕಿ, ಕನ್ನಡಕ ಒರೆಸುವವರ ಹಾಗೆ ಬೋರ್ಡಿನ ಮೇಲೆ "ಹಾ" ಎಂದು ಉಸಿರು ಬಿಟ್ಟರು. ಕಡಲೆ! ನಾನು ಸ್ಟೂಲಿನಿಂದ ಎದ್ದೇಬಿಟ್ಟೆ.

"ಬೆಸ್ಗೆ ಅಲ್ಲ, ತೇವ" ಎಂದು ಪಾಷಾ ಬೋರ್ಡನ್ನು ಮೂಗಿನ ಹತ್ತಿರ ತಂದರು. ಇನ್ನೊಮ್ಮೆ ಮೂಸಿದರು. "ಸಾಬ್, ಬೇಜಾರ್ ಮಾಡ್ಕೋಬೇಡಿ. ಇದ್ರ ಮ್ಯಾಲೆ ಸಾರು ಗೀರು ಚೆಲ್ತಾ?"

ಸುಬ್ರಹ್ಮಣ್ಯನವರು ಹುಣಸೆ ನೀರಿನ ವಿಷಯವನ್ನು ಹೆಮ್ಮೆಯಿಂದಲೇ ವಿವರಿಸಿದರು. ಪಾಷಾ ಟೋಪಿ ತೆಗೆದು ತಲೆ ಕೆರೆದುಕೊಂಡರು.

"ಯಾ ಅಲ್ಲಾ! ಪ್ರತೀ ಸಲಾನೂವಾ?"

"ಪ್ರತೀ ಸಲ. ಓದ್ ವಾರ ಎಲ್ಡು ದಪ ತೊಳ್ದೆ, ಚೆನ್ನಾಗಿರ್ಲಿ ಅಂತ."

"ಚಿನ್ನ ಹುಳಿ ತಡ್ಕೊಂತದೆ ಸಾಬ್, ಇದು ತಡ್ಕೊಳಲ್ಲ. ಹುಳಿ ಹೋಗಿ ಸಂದಿಸಂದೀಲಿ ಕೂತೈತೆ. ಒಣಗಿದ್ರೆ ಗಪ್‌ಚಿಪ್. ಬೆವ್ರು ತಗುಲ್ತು ಅಂದ್ರೆ ಕರೆಂಟು ದಾರಿ ಬಿಟ್ಟು ಎಲ್ಲಂದ್ರಲ್ಲಿ ಓಡ್ತದೆ. ನೀವು ರಿಪೇರಿ ಮಾಡ್ದಾಗ್ಲೆಲ್ಲ ಕೊನೇಲಿ ನೀವೇ ಕೆಡ್ಸಿದ್ದೀರಿ."

ಪಾಷಾ ಬೋರ್ಡನ್ನು ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ತೊಳೆದು, ಸ್ಪಿರಿಟ್ಟಿನಲ್ಲಿ ಉಜ್ಜಿ, ಬಲ್ಬಿನ ಕೆಳಗೆ ಒಣಗಿಸಿದರು. ಮತ್ತೆ "ಹಾ" ಎಂದರು. ಅವರ ಉಸಿರಿನ ಸದ್ದು ಮಾತ್ರ ಕೇಳಿಸಿತು.

ವಾಪಸು ಬರುವಾಗ ಕಿರಂಗೂರು ದಾಟಿದ ಮೇಲೆ ಹಿಂದಿನಿಂದ ಮಾತು ಬಂತು. "ಮೇಷ್ಟ್ರೇ, ಅಂಗಾರೆ ನನ್ ಕೈ ಓಗಿರ್ನಿಲ್ಲ."

"ಇಲ್ಲ."

"ಓಯ್ತು ಅಂದ್ಕಂಡಿದ್ದೆ."

ನನ್ನ ಹೊಗಳಿಕೆಯೂ ಆ ಹುಣಸೆ ನೀರಿಗೆ ಸೇರಿತ್ತೆಂದು ನನಗೆ ನೆನಪಾಯಿತು. ಸ್ಕೂಟರು ಓಡಿಸುವುದರಲ್ಲಿ ಬಹಳ ಮಗ್ನನಾದಂತೆ ಇದ್ದೆ.

ಮನೆಯಲ್ಲಿ, ಕೊಡುವ ಮೊದಲು ಅವರ ಕೈ ತಾನಾಗಿ ಹುಣಸೆಯ ಬಟ್ಟಲಿನ ಕಡೆ ಹೋಯಿತು. ನಾನು ಬಟ್ಟಲನ್ನು ಕಾಲಿನಿಂದ ಮಣೆಯಡಿಗೆ ತಳ್ಳಿದೆ. ಮೀಯಿಸದ ಸಾಮಾನನ್ನು ಅವರು ಮುಖ ಆ ಕಡೆ ತಿರುಗಿಸಿಕೊಂಡು ಕೊಟ್ಟರು. ಮಂಗಳಮ್ಮ ಒಲೆಯ ಮುಂದೆ ನಿಂತರು. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಚಪ್ಪಲಿ ಮೆಟ್ಟಿ, ಹಿಂದಿನ ಬೀದಿಯ ಕಡೆ ನಡೆದರು.

ನಾವಿಬ್ಬರೂ ಜಗಲಿಯ ಮೇಲೆ ಕೂತೆವು. ಒಂದು ಗಂಟೆಯ ಮೇಲೆ ಮಂಗಳಮ್ಮ ತಿರುಗಿ ಬಂದರು. ಕಣ್ಣು ಕೆಂಪಗಿತ್ತು.

"ಏನಂದ್ಲೇ ಪುಟ್ಟತಾಯಮ್ಮ?" ಎಂದು ಸುಬ್ರಹ್ಮಣ್ಯನವರು ಅಭ್ಯಾಸಬಲದಿಂದ ಅರಚಿದರು.

ಮಂಗಳಮ್ಮ ಬೆಚ್ಚಿ ಕಿವಿ ಮುಚ್ಚಿಕೊಂಡರು. "ಯಾಕಂಗ್ ಅರಚ್ಕೊಂತೀರಾ? ಕೇಳ್ತೈತೆ." ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಂಡರು. "ಬೈದ್ಲು. ಮೂರ್ ವರ್ಸದ್ದೂ ಒಟ್ಗೆ ಬೈದ್ಲು. ಒಂದಕ್ಸರ ಬುಡ್ದಂಗೆ ಕೇಳ್ಸ್ತು."

"ಆಮೇಲೆ?"

"ಕಾಪಿ ಕೊಟ್ಲು."

ಸುಬ್ರಹ್ಮಣ್ಯನವರು ಡಬ್ಬಿಯ ಕಡೆ ಕೈ ಚಾಚಿದರು. "ಬೆವರಾಗಿರ್ತದೆ. ಕೊಡು, ಒಂದ್ಸಲ ತೊಳ್ದು..."

ಮಂಗಳಮ್ಮ ಡಬ್ಬಿಯ ಮೇಲೆ ಕೈ ಮುಚ್ಚಿಕೊಂಡರು.