ರೊಸಾರಿಯೊ ಆರಿಸಿದ ಸಿಟ್ಟು

ಕೋಬೆ ಬಂದರಿನ ಹೋಟೆಲೊಂದರ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಬೈಸಿಕೊಂಡು ಕಾಪುವಿಗೆ ಮರಳಿದ ರೊಸಾರಿಯೊಗೆ ಜಪಾನಿಯಲ್ಲಿ ಚೆನ್ನಾಗಿ ಬರುತ್ತಿದ್ದದ್ದು ಸಿಟ್ಟಿನ ಮಾತುಗಳೇ. ಅರುವತ್ತಮೂರನೇ ಇಸವಿಯಲ್ಲಿ ಹಿರಾತಾ ಎಂಬ ಜಪಾನಿ ನೈಲಾನ್ ಬಲೆ ತೋರಿಸಲು ಬಂದಾಗ ದುಭಾಷಿಯ ಕೆಲಸ ಅವನ ಕುತ್ತಿಗೆಗೇ ಬಿತ್ತು.

ಹಿರಾತಾ ಬೂಟು ಹಾಕಿಕೊಂಡೇ ಮೀನುಗಾರ ದೂಮಪ್ಪನ ದೋಣಿ ಹತ್ತಿಬಿಟ್ಟ. ಪೂಜೆ ಮಾಡುವ ದೋಣಿ! ದೂಮಪ್ಪ ಹುಟ್ಟು ಎತ್ತಿ, ಊರವರು ಕ್ರೈಸ್ತರನ್ನು ಕರೆಯುವ ಹೆಸರಿನಲ್ಲೇ ರೊಸಾರಿಯೊನನ್ನು ಕರೆದು ಅಬ್ಬರಿಸಿದ: "ಪೊರ್ಬುಗಳೇ, ನನಗೆ ಮೈಯೆಲ್ಲ ಉರಿಯುತ್ತಾ ಉಂಟು ಅಂತ ಹೇಳಿ ಅವನಿಗೆ!"

ರೊಸಾರಿಯೊ ಅಳೆದು ನೋಡಿದ. 'ಇರಾಇರಾ' ಎಂದರೆ ಒಳಗೊಳಗೇ ಕಿರಿಕಿರಿ. 'ಹರಾ ಗ ತಾತ್ಸು' ಎಂದರೆ ಹೊಟ್ಟೆಯಿಂದಲೇ ಎದ್ದು ಬರುವ ಕೋಪ. 'ಒಕೊರು' ಎಂದರೆ ಎದುರಿದ್ದವನ ಮೇಲೆ ಹರಿಹಾಯುವ ಸಿಟ್ಟು. ಬಂದ ಅತಿಥಿಯನ್ನು ಯಾಕೆ ನೋಯಿಸುವುದೆಂದು ಬೂಟಿನ ಸುದ್ದಿಯನ್ನೇ ನುಂಗಿ, "ಇರಾಇರಾ" ಎಂದ.

ಬಿಸಿಲಿಗಿರಬೇಕು ಎಂದುಕೊಂಡ ಹಿರಾತಾ ತಲೆಯಾಡಿಸಿ ಬಲೆ ಬಿಡಿಸತೊಡಗಿದ.

ದೂಮಪ್ಪನ ಕಣ್ಣು ಕಿರಿದಾಯಿತು. "ನಾನು ಇಷ್ಟು ಬೊಬ್ಬೆ ಹೊಡೆದದ್ದು ನಿಮ್ಮ ಬಾಯಲ್ಲಿ ಅಷ್ಟೇ ಆಯ್ತಾ? ನೀವು ಯಾರ ಕಡೆ ಮಾರಾಯ್ರೆ?"

ಈಗ ಹಿರಾತಾನಿಗೂ ಸಂಶಯ ಬಂತು. ಕಿರಿಕಿರಿಯಾದವನು ಹುಟ್ಟು ಎತ್ತುತ್ತಾನೆಯೇ? ದೂಮಪ್ಪನ ಬರಿಗಾಲನ್ನು ನೋಡಿದ, ತನ್ನ ಬೂಟನ್ನು ನೋಡಿದ. ಥಟ್ಟನೆ ಬಿಚ್ಚಿ ದೂಮಪ್ಪನಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿದ. ಆಮೇಲೆ ರೊಸಾರಿಯೊನತ್ತ ತಿರುಗಿ, ಕೋಪವನ್ನು ಕೋಪವೆಂದೇ ಹೇಳಿದ್ದರೆ ಆಗಲೇ ಬಿಚ್ಚುತ್ತಿದ್ದೆನಲ್ಲ ಎಂದು ಜಪಾನಿಯಲ್ಲಿ ಝಾಡಿಸಿದ.

"ಎಂತ ಹೇಳಿದ ಅವನು?" ಎಂದ ದೂಮಪ್ಪ.

"ನನಗೆ ಬೈದ."

ಅವತ್ತಿಡೀ ದೂಮಪ್ಪ ರೊಸಾರಿಯೊನ ಮಾತನ್ನು ನಂಬಿದ್ದು ಅದೊಂದೇ ಸಲ.