ಬೇಟೆನಾಯಿಗೆ ಧಾರವಾಡದ ಕನ್ನಡ

ನಮ್ಮತ್ತೆ ಧಾರವಾಡದಿಂದ ಇಂಗ್ಲೆಂಡಿನ ಸೊಲಿಹಲ್‌ಗೆ ಬಂದ ಮರುದಿನ ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ಪಕ್ಕದ ಮನೆಯ ಹಿತ್ತಲು ನೋಡಿದವರೇ ಚಹಾದ ಲೋಟ ಕೆಳಗಿಟ್ಟುಬಿಟ್ಟರು. ಬಟ್ಟೆ ಒಣಹಾಕುವ ಹಗ್ಗದಲ್ಲಿ ಬಾತುಕೋಳಿಗಳು ಸಾಲಾಗಿ ತಲೆಕೆಳಗಾಗಿ ನೇತಾಡುತ್ತಿದ್ದವು.

“ಅಯ್ಯ ಶಿವನ! ಏನವಾ ಇದು?”

“ಪ್ಲಾಸ್ಟಿಕ್ಕಿನವು ಅತ್ತೆ. ತೊಳೆದು ಒಣಗಿಸ್ತಿದ್ದಾರೆ.”

“ಪ್ಲಾಸ್ಟಿಕ್ ಬಾತುಕೋಳಿಗೆ ಸ್ನಾನ ಯಾಕ?”

ವಿವರಿಸಿದೆ. ಪಕ್ಕದ ಮನೆಯವರು ಕಾರು ಕಾರ್ಖಾನೆಯಿಂದ ನಿವೃತ್ತರಾದ ಒಂಟಿ ಮನುಷ್ಯ. ಚಳಿಗಾಲದಲ್ಲಿ ಜೌಗು ನೆಲಕ್ಕೆ ಹೋಗಿ ಬಾತುಕೋಳಿ ಹೊಡೆಯುತ್ತಿದ್ದರು. ಈ ಪ್ಲಾಸ್ಟಿಕ್ಕಿನವನ್ನು ನೀರಲ್ಲಿ ತೇಲಿಬಿಟ್ಟರೆ, ಮೇಲೆ ಹಾರುವ ನಿಜವಾದವು ನಂಬಿ ಕೆಳಗಿಳಿಯುತ್ತವೆ. ಫೆಬ್ರವರಿ ಕಳೆದರೆ ಬೇಟೆ ಬಂದ್. ಅಲ್ಲಿಂದ ಸೆಪ್ಟೆಂಬರ್‌ವರೆಗೂ ಅವರಿಗೆ ಬರೀ ತಯಾರಿ: ಗೊಂಬೆಗಳಿಗೆ ಬಣ್ಣ ಹಚ್ಚುವುದು, ಎದೆಮಟ್ಟದ ರಬ್ಬರ್ ಪ್ಯಾಂಟಿಗೆ ಸೈಕಲ್ ಟ್ಯೂಬಿನ ಹಾಗೆ ತೇಪೆ ಹಾಕುವುದು, ಶೆಡ್ಡಿನಲ್ಲಿ ಕೂತು ಪೀಪಿ ಊದಿ ಬಾತುಕೋಳಿಯ ದನಿ ಕಲಿಯುವುದು. ನೈಟ್ ಡ್ಯೂಟಿ ಮುಗಿಸಿ ಬಂದು ಮಲಗಿದ ನಮ್ಮ ಯಜಮಾನರು ಆ ದನಿಗೆ ದಿಂಬನ್ನು ಕಿವಿಗೊತ್ತಿಕೊಂಡು ಹೊರಳುತ್ತಿದ್ದರು.

“ಅಂದ್ರ ತಮ್ಮವರ ಅಂತ ನಂಬಿಸಿ ಕೊಲ್ಲೂದು,” ಎಂದು ಅತ್ತೆ ಕುರ್ಚಿಯನ್ನು ಕಿಟಕಿಗೆ ಬೆನ್ನುಮಾಡಿ ಹಾಕಿಕೊಂಡರು.

ಆ ಕುರ್ಚಿ ಮತ್ತೆ ತಿರುಗಿದ್ದು ನಾಯಿಮರಿಯ ದೆಸೆಯಿಂದ. ಆ ವರ್ಷ ಪಕ್ಕದ ಮನೆಯಾತನ ಮಂಡಿಗೆ ಆಪರೇಷನ್ ಆಗಿತ್ತು. ಹಳೆಯ ನಾಯಿ ಸತ್ತಿದ್ದರಿಂದ ಹೊಸದಾಗಿ ತಂದಿದ್ದ ಕರೀ ಲ್ಯಾಬ್ರಡಾರ್ ಬೇಟೆಯ ಕಾಲದೊಳಗೆ ಪಳಗಬೇಕಿತ್ತು. ಪಳಗುವುದಿರಲಿ, ಒಂದು ಮಧ್ಯಾಹ್ನ ಅದು ತನ್ನ ಒಡೆಯನನ್ನು ಊರುಗೋಲಿನ ಸಮೇತ ಗುಲಾಬಿ ಗಿಡದೊಳಕ್ಕೆ ಎಳೆದು ಕೆಡವಿತು. ನಾನು ಕ್ಲಿನಿಕ್ಕಿನ ಕೆಲಸ ಮುಗಿಸಿ ಮನೆಗೆ ಬಂದಾಗ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಗನ ಗಮ್‌ಬೂಟು ತೊಟ್ಟು, ಪಕ್ಕದ ಹಿತ್ತಲಲ್ಲಿ ನಿಂತಿದ್ದರು. ಅವರು ಎತ್ತಿ ನಿಲ್ಲಿಸಿದ ಮನುಷ್ಯ ಬೆತ್ತದ ಕುರ್ಚಿಯಲ್ಲಿ ಕೂತಿದ್ದ. ನಾಯಿ ಅತ್ತೆಯ ಕಾಲಬಳಿ ಮಿಸುಕಾಡದೆ ಕುಳಿತಿತ್ತು.

“ಅತ್ತೆ, ಇದು ಬಾತುಕೋಳಿ ಹೆಕ್ಕಿ ತರೋಕೆ ಸಾಕಿದ ನಾಯಿ. ಗೊತ್ತಲ್ವಾ?”

“ಗೊತ್ತೈತಿ. ನಾಯಿ ಏನ್ ಬಂದೂಕು ಹಿಡೀತೈತೇನು? ಶಾಣ್ಯಾ ಆದ್ರ ಅದಕ್ಕೇನ್ ಪಾಪ?”

ಅಂದಿನಿಂದ ದಿನಾ ಸಂಜೆ ಪಾಠ. ಆತ ಕುರ್ಚಿಯಲ್ಲಿ ಕೂತು ಕೈಸನ್ನೆ ಮಾಡುವುದು, ಅತ್ತೆ ಹಕ್ಕಿಯ ಬದಲಿಗೆ ಕ್ಯಾನ್ವಾಸಿನ ಉದ್ದನೆಯ ಚೀಲವನ್ನು ಬೀಸಿ ಎಸೆಯುವುದು. “ಕೂಡು.” “ತಡಿ.” “ತೊಗೊಂಡ್ ಬಾ.” ನಾಯಿ ಬಾಣದಂತೆ ಓಡಿ ಕಚ್ಚಿಕೊಂಡು ಬರುತ್ತಿತ್ತು. “ಬಿಡು, ಮರಿ.” ಆಗ ಕೆಳಗೆ ಬೀಳಿಸದೆ ಕೈಗೇ ಕೊಡಬೇಕು; ಪಾಠದಲ್ಲಿ ಕಷ್ಟದ್ದು ಅದೇ. ಅತ್ತೆಗೆ ಇಂಗ್ಲಿಷ್ ಬಾರದು, ಆತನಿಗೆ ಕನ್ನಡ ಬಾರದು. ತಮ್ಮದೇ ವಯಸ್ಸಿನ ಆ ಮನುಷ್ಯನನ್ನು ಅವರು “ಏ ತಮ್ಮಾ” ಎಂದೇ ಕರೆಯುತ್ತಿದ್ದರು. ಆತ ಅದು ಏನೋ ದೊಡ್ಡ ಗೌರವವೆಂದುಕೊಂಡು ಟೊಪ್ಪಿ ಎತ್ತುತ್ತಿದ್ದ.

ಆಗಸ್ಟಿನಲ್ಲಿ ಒಂದು ಬಿಕ್ಕಟ್ಟು ಬಂತು. ನಾಯಿಗೆ ವಾಸನೆ ಗುರುತಾಗಲೆಂದು ಆತ ಫ್ರೀಜರಿನಿಂದ ಹಳೆಯ ಬೇಟೆಯ ರೆಕ್ಕೆಯೊಂದನ್ನು ತಂದು ಚೀಲಕ್ಕೆ ಕಟ್ಟಿದ. ಅತ್ತೆ ಅದನ್ನು ನೋಡಿ ಒಳಗೆ ಬಂದುಬಿಟ್ಟರು. ಇಷ್ಟಕ್ಕೇ ಮುಗಿಯಿತು ಎಂದುಕೊಂಡೆ. ಅವರು ಅಡುಗೆಮನೆಯ ನನ್ನ ಇಕ್ಕಳ ಎತ್ತಿಕೊಂಡು ಹೊರಗೆ ಹೋದರು. ಮೂಗನ್ನು ಸೆರಗಿನಿಂದ ಮುಚ್ಚಿ, ರೆಕ್ಕೆ ಕಟ್ಟಿದ ಚೀಲವನ್ನು ಇಕ್ಕಳದಲ್ಲಿ ಹಿಡಿದು, ಬೇಲಿಯ ತನಕ ಎಸೆದರು. ಆಮೇಲೆ ತಲೆಗೆ ನೀರು ಹಾಕಿಕೊಂಡು ಬಂದು ಹೇಳಿದರು: “ಇಕ್ಕಳ ಇನ್ನ ಅಂವನ ಮನ್ಯಾಗ ಇರಲಿ. ನಿನಗ ಹೊಸಾದು ಕೊಡಿಸ್ತೀನಿ.”

ಮಂಡಿ ಸರಿಹೋದ ಮೇಲೆ ಆತ ತಾನೇ ನಾಯಿಗೆ ಆಜ್ಞೆ ಕೊಡಲು ಹೊರಟ. ಇಂಗ್ಲಿಷಿನಲ್ಲಿ ಕೂಗಿದ, ಸೀಟಿ ಊದಿದ, ಕೊನೆಗೆ ಬೈದ. ನಾಯಿ ನಮ್ಮ ಹಿತ್ತಿಲ ಬಾಗಿಲು ನೋಡುತ್ತಾ ಕೂತಿತ್ತು. ಆತ ಬೇಲಿಯ ಹತ್ತಿರ ಬಂದು ಕಸಿವಿಸಿಯಿಂದ ನನ್ನನ್ನು ಕೇಳಿದ, “ನಿಮ್ಮತ್ತೆ ಅದಕ್ಕೆ ಹೇಳೋದೇನು? ನನಗೂ ಕಲಿಸ್ತಾರಾ?”

ಬೇಲಿಯ ಆಚೆ ಆತ, ಈಚೆ ಅತ್ತೆ. “ತೊಗೊಂಡ್ ಬಾ.” “ಟಗಾಂಬಾ.” “ಹಂಗಲ್ಲೋ ತಮ್ಮಾ, ನಾಲಿಗಿ ಹಲ್ಲಿಗೆ ಹಚ್ಚು.” ನಾಯಿ ಇಬ್ಬರನ್ನೂ ನೋಡಿ ತಪ್ಪಾದಾಗಲೆಲ್ಲ ಆಕಳಿಸುತ್ತಿತ್ತು. ನಾನು ನಕ್ಕಿದ್ದಕ್ಕೆ ಇಬ್ಬರೂ ನನ್ನನ್ನು ಗದರಿದರು.

ಸೆಪ್ಟೆಂಬರಿನ ಮೊದಲ ಬೇಟೆಗೆ ಆತ ಬೆಳಗಾಗುವ ಮೊದಲೇ ಹೊರಟ. ಅತ್ತೆ ಅಂದು ಪೂಜೆಗೆ ಹೆಚ್ಚು ಹೊತ್ತು ಕೂತರು. ಯಾರ ಪರವಾಗಿ ಬೇಡಿಕೊಂಡರೋ ಕೇಳುವ ಧೈರ್ಯ ನನಗಾಗಲಿಲ್ಲ. ಮಧ್ಯಾಹ್ನ ಅವನ ಕಾರು ಬಂತು. ಕೆಸರು ಮೆತ್ತಿದ ಮನುಷ್ಯ, ಕೆಸರು ಮೆತ್ತಿದ ನಾಯಿ. ಹಕ್ಕಿಗಳನ್ನು ಕಾರಿನ ಡಿಕ್ಕಿಯಲ್ಲೇ ಬಿಟ್ಟು, ಬರಿಗೈಯಲ್ಲಿ ನಮ್ಮ ಬಾಗಿಲಿಗೆ ಬಂದ. ಜೌಗಿನ ನಡುವೆ ತಾನು “ಟಗಾಂಬಾ” ಎಂದು ಕೂಗಿದಾಗ ಜೊತೆಗಾರರು ಬಿದ್ದುಬಿದ್ದು ನಕ್ಕರೆಂದೂ, ಉಳಿದವರ ನಾಯಿಗಳು ತಡಕಾಡುತ್ತಿದ್ದಾಗ ತನ್ನದು ನೆಟ್ಟಗೆ ಹೋಗಿ ತಂದಿತೆಂದೂ ಕೈಕಾಲು ಆಡಿಸಿ ಹೇಳಿದ. ನಾನು ಒಂದೊಂದನ್ನೇ ಅತ್ತೆಗೆ ಹೇಳಿದೆ.

ಅವರ ಮುಖ ಸಪ್ಪಗಾಯಿತು. ಬಾಗಿ ನಾಯಿಯ ಒದ್ದೆ ಕಿವಿಗಳನ್ನು ಸೆರಗಿನಿಂದ ಒರೆಸಿದರು. ತಲೆ ಎತ್ತದೆಯೇ ಕೇಳಿದರು:

“ಕೇಳವಾ ಅಂವನ್ನ. ತಂದು ಕೈಯಾಗ ಕೊಡ್ತೋ, ಇಲ್ಲಾ ಕೆಳಗ ಒಗೀತೋ?”

“ಕೈಗೇ ಕೊಡ್ತಂತೆ ಅತ್ತೆ.”

“ಹಂಗಾರ ಚಲೋ ಆತು,” ಎಂದರು, ಮತ್ತು ನಾಯಿಗೆ ತುಪ್ಪ ಸವರಿದ ರೊಟ್ಟಿ ತರಲು ಒಳಗೆ ಹೋದರು.