ಪಕ್ಕದ ಮನೆಯ ಲಿಥುವೇನಿಯಾ

ನಮ್ಮ ಯಜಮಾನರಿಗೆ ಬಾಲ್ಟಿಕ್ ದೇಶಗಳ ಹುಚ್ಚು ಹಿಡಿದದ್ದು ಒಂದು ಬಟ್ಟಲು ಬೀಟ್‌ರೂಟ್ ಸಾರಿನಿಂದ. ತೊಂಬತ್ತರ ದಶಕದ ಕೊನೆಯ ಮಾತು. ಅಮೆರಿಕದ ಮಿಷಿಗನ್ ರಾಜ್ಯದ ವಿಕ್ಸಮ್‌ನ ಒಂದು ಕಾರ್ಖಾನೆಯಲ್ಲಿ ಅವರಿಗೆ ಕೆಲಸ, ಅಲ್ಲೇ ಹತ್ತಿರದ ಬಡಾವಣೆಯಲ್ಲಿ ನಮ್ಮ ಬಾಡಿಗೆ ಮನೆ. ಪಕ್ಕದ ಮನೆಯಲ್ಲಿ ಎಪ್ಪತ್ತರ ಹತ್ತಿರದ ಒಬ್ಬ ವಿಧವೆ ಒಂಟಿಯಾಗಿದ್ದರು. ಹುಟ್ಟಿದ್ದು ಲಿಥುವೇನಿಯಾದ ಒಂದು ಹಳ್ಳಿಯಲ್ಲಿ. ಯುದ್ಧದ ಕಾಲದಲ್ಲಿ, ಇನ್ನೂ ಎರಡು ಜಡೆ ಹಾಕುವ ವಯಸ್ಸಿನಲ್ಲಿ, ತಂದೆಯ ಕೈ ಹಿಡಿದು ಊರು ಬಿಟ್ಟು, ಜರ್ಮನಿ, ಷಿಕಾಗೊ ಎಲ್ಲ ಸುತ್ತಿ ಮಿಷಿಗನ್‌ಗೆ ಬಂದು ನೆಲೆಸಿದವರು. ನಮ್ಮ ರೂಢಿಯಂತೆ ಅವರನ್ನೂ ಆಂಟಿ ಎಂದೇ ಕರೆದೆವು. ನಾನು ನಿಮಗೆ ಯಾವ ಕಡೆಯಿಂದ ಆಂಟಿ ಎಂದು ಮೊದಮೊದಲು ಕೇಳುತ್ತಿದ್ದರು, ಆಮೇಲೆ ಸುಮ್ಮನಾದರು.

ಒಂದು ಜುಲೈ ಮಧ್ಯಾಹ್ನ, ತೊಂಬತ್ತೈದು ಡಿಗ್ರಿ ಫ್ಯಾರನ್‌ಹೀಟ್ ಸೆಕೆಯಲ್ಲಿ, ಆಂಟಿ ನಮ್ಮನ್ನು ಊಟಕ್ಕೆ ಕರೆದು ಫ್ರಿಜ್ಜಿನಿಂದ ಒಂದು ಪಾತ್ರೆ ತೆಗೆದು ಬಟ್ಟಲಿಗೆ ಸುರಿದರು. ಬಣ್ಣವೋ, ಮದುವೆ ಮನೆಯ ಶಾಮಿಯಾನದ ಗುಲಾಬಿ. ಬಾಯಿಗಿಟ್ಟರೆ ನಮ್ಮ ಬೀಟ್‌ರೂಟ್ ಮೊಸರುಬಜ್ಜಿಯೇ, ಸ್ವಲ್ಪ ನೀರಾಗಿದೆ, ಒಗ್ಗರಣೆ ಇಲ್ಲ, ಮೇಲೆ ಧಾರಾಳವಾಗಿ ಸಬ್ಬಸಿಗೆ ಸೊಪ್ಪು. ಪಕ್ಕದಲ್ಲಿ ಹಬೆಯಾಡುವ ಬೇಯಿಸಿದ ಆಲೂಗಡ್ಡೆ. ನಾವು ತಿನ್ನುವುದಿಲ್ಲವೆಂದು ಮೊಟ್ಟೆ ಹಾಕಿರಲಿಲ್ಲ. ನಾನು ಒಂದು ಬಟ್ಟಲಿಗೆ ಸಾಕೆಂದೆ. ಯಜಮಾನರು ಬಡಿಸಿದಷ್ಟೂ ಉಂಡು, ಸಬ್ಬಸಿಗೆಯನ್ನು ಇಷ್ಟು ಗೌರವದಿಂದ ಕಾಣುವ ದೇಶವನ್ನು ನೋಡದೆ ಸಾಯಬಾರದು ಎಂದು ಘೋಷಿಸಿ, ಅಂದೇ ಸಂಜೆ ಲೈಬ್ರರಿಯಿಂದ ಪ್ರವಾಸದ ಪುಸ್ತಕ ಹೊತ್ತು ತಂದರು.

ಅಲ್ಲಿಂದಾಚೆಗೆ ನಮ್ಮ ಮನೆಯಲ್ಲಿ ಬೇರೆ ಮಾತಿಲ್ಲ. ವಿಲ್ನಿಯಸ್‌ನಿಂದ ರಿಗಾಕ್ಕೆ ಬಸ್ಸು ಎಷ್ಟು ಹೊತ್ತು, ಟಾಲಿನ್‌ನ ಹಳೇ ಕೋಟೆಗೋಡೆ ಎಲ್ಲಿಂದ ನೋಡಿದರೆ ಚೆಂದ, ಬಿರುಗಾಳಿ ಬೀಸಿದ ಮಾರನೇ ದಿನ ಯಾವ ಸಮುದ್ರದಂಡೆಯಲ್ಲಿ ಅಂಬರ್ ಎಂಬ ಜೇನುಬಣ್ಣದ ಹರಳು ಸಿಗುತ್ತದೆ, ಎಲ್ಲ ಬಾಯಿಪಾಠ. ಮಿಷಿಗನ್‌ನಲ್ಲೇ ಇರುವ ಮ್ಯಾಕಿನಾ ದ್ವೀಪಕ್ಕೆ ಒಮ್ಮೆ ಕರೆದುಕೊಂಡು ಹೋಗಿ ಎಂದು ಪ್ರತಿ ಬೇಸಿಗೆಯೂ ನಾನು ಗೋಗರೆಯುತ್ತಿದ್ದೆ. ಅದು ದೂರವಂತೆ.

ಷಿಕಾಗೊಗೆ ಮಾತ್ರ ಆಂಟಿಯನ್ನೂ ಕೂರಿಸಿಕೊಂಡು ಕಾರು ತಾನಾಗಿಯೇ ಹೊರಡುತ್ತಿತ್ತು. ಅಲ್ಲಿ ಲಿಥುವೇನಿಯಾದವರ ಬೇಕರಿ, ಅಂಗಡಿ, ಹೋಟೆಲುಗಳಿದ್ದವು. ಪಕ್ಕದ ಸ್ಕೋಕಿಯಲ್ಲಿ ಸ್ನೇಹಿತರ ಮನೆಯಲ್ಲಿ ಉಳಿದು, ಬೆಳಗ್ಗೆ ನಾನು ಕಾರಿಗೆ ಸೋನಾ ಮಸೂರಿ, ಹುಣಸೆಹಣ್ಣು, ಇಂಗು ತುಂಬಿಸಿದರೆ, ಆಂಟಿ ಇಟ್ಟಿಗೆಯಷ್ಟು ಭಾರದ ಕಪ್ಪು ರೈ ಬ್ರೆಡ್ಡು ತುಂಬಿಸುವರು. ಹಿಂದಿರುಗುವ ಐದು ಗಂಟೆಯುದ್ದಕ್ಕೂ ಇಂಗು, ಹುಳಿ ಬ್ರೆಡ್ಡುಗಳೆರಡೂ ಕಾರಿನೊಳಗೆ ಜಗಳವಾಡಿಕೊಂಡು ಬರುತ್ತಿದ್ದವು. ಅಲ್ಲಿಯ ಟ್ರಾವೆಲ್ ಏಜೆಂಟ್ ಕೊಟ್ಟ ಬಣ್ಣದ ಕಾಗದಗಳನ್ನೆಲ್ಲ ಯಜಮಾನರು ಆಂಟಿಯ ಮುಂದೆ ಹರಡಿ, "ಈ ಸಲ ನೀವು ಹೋಗ್ಲೇಬೇಕು, ನಾವೂ ಜೊತೆಗೆ ಬರ್ತೀವಿ" ಎನ್ನುವರು. ಆಂಟಿ ಅವುಗಳ ಮೇಲೆ ಕಾಫಿ ಕಪ್ಪು ಇಡುವರು.

ಏಕೆಂದರೆ ಆಂಟಿ ಊರು ಬಿಟ್ಟವರು ಮತ್ತೆ ಹೋಗಿರಲಿಲ್ಲ. ಸೋವಿಯತ್ ಹಿಡಿತದಿಂದ ದೇಶ ಸ್ವತಂತ್ರವಾಗಿ, ವಿಮಾನಗಳು ಓಡಾಡತೊಡಗಿ ವರ್ಷಗಳಾಗಿದ್ದವು. ಹಳ್ಳಿಯಲ್ಲಿ ಅಕ್ಕ ಇದ್ದಳು, ಜೇನು ಸಾಕಿಕೊಂಡು, ಒಬ್ಬಳೇ. ವರ್ಷಕ್ಕೊಂದು ಸಲ ಫೋನಿನಲ್ಲಿ ಹವಾಮಾನದ ಬಗ್ಗೆ ಮಾತಾಡುತ್ತಿದ್ದರು. ಯಾಕೆ ಹೋಗುವುದಿಲ್ಲ ಎಂದರೆ ಒಮ್ಮೆ ಮಂಡಿ ನೋವು, ಒಮ್ಮೆ ಬೆಕ್ಕನ್ನು ಯಾರು ನೋಡಿಕೊಳ್ಳುತ್ತಾರೆ, ಒಮ್ಮೆ ಮನೆಯ ಸೂರು ಸೋರುತ್ತಿದೆ.

ಆ ಅಕ್ಟೋಬರಿನಲ್ಲಿ ಮೈಸೂರಿನಿಂದ ನಮ್ಮತ್ತೆ ಬಂದರು. ಆರು ತಿಂಗಳ ವೀಸಾ, ಎರಡು ಸೂಟ್‌ಕೇಸು ತುಂಬ ಸಾರಿನಪುಡಿ. ಇಂಗ್ಲಿಷಿನಲ್ಲಿ ಅವರಿಗೆ ಬರುತ್ತಿದ್ದುದು "ನೋ" ಒಂದೇ, ಅದರಿಂದಲೇ ಫ್ರಾಂಕ್‌ಫರ್ಟಿನಲ್ಲಿ ವಿಮಾನ ಬದಲಾಯಿಸಿ ಬಂದಿದ್ದರು. ಆಂಟಿಯ ಕಥೆ ಕೇಳಿ ಅವರಿಗೆ ತಡೆಯಲಾಗಲಿಲ್ಲ.

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ಭಾಷೆ ಬರ್ದಿರೋ ನಾನೇ ಏಳು ಸಮುದ್ರ ದಾಟಿ ಬಂದಿದೀನಿ, ಆಯಮ್ಮಂಗೆ ತನ್ನೂರಿಗೆ ಹೋಗೋಕೇನು ಕಷ್ಟ? ಕೇಳೇ."

"ನಿಮ್ಮೂರು ಹೇಗಿದೆ ಅಂತ ಕೇಳ್ತಿದ್ದಾರೆ" ಎಂದು ನಾನು ಆಂಟಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ಇಬ್ಬರ ನಡುವೆ ದುಭಾಷಿಯಾಗಿದ್ದ ನಾನು ಆ ಚಳಿಗಾಲದಲ್ಲಿ ಎಷ್ಟು ಜಗಳಗಳನ್ನು ದಾರಿಯಲ್ಲೇ ನುಂಗಿದೆನೋ ದೇವರಿಗೇ ಗೊತ್ತು.

ಆದರೆ ಅಡುಗೆಮನೆಯಲ್ಲಿ ಅವರಿಗೆ ನನ್ನ ಹಂಗಿರಲಿಲ್ಲ. ಕ್ರಿಸ್‌ಮಸ್‌ನ ಹಿಂದಿನ ಸಂಜೆ ಲಿಥುವೇನಿಯಾದವರಿಗೆ ದೊಡ್ಡ ಊಟ. ಹನ್ನೆರಡು ಬಗೆ ಮಾಡಬೇಕು, ಮಾಂಸ, ಹಾಲು, ಮೊಟ್ಟೆ ಯಾವುದೂ ಕೂಡದು. ಇಂಥ ಮಡಿಯ ಊಟಕ್ಕೆ ಇವರಲ್ಲದೆ ಇನ್ಯಾರು ಎಂದು ಆಂಟಿ ಅತ್ತೆಯವರನ್ನು ವಿಶೇಷವಾಗಿ ಕರೆದಿದ್ದರು. ಬೆಳಗ್ಗೆಯೇ ನೆರವಿಗೆ ಹೋದ ಅತ್ತೆ, ಆಂಟಿ ಗಸಗಸೆ ನೆನೆಸಿ ರುಬ್ಬಿ ಹಾಲು ಹಿಂಡುವುದನ್ನು ಕಂಡು ಹಿಗ್ಗಿಹೋದರು. ಬೆಲ್ಲ, ಏಲಕ್ಕಿ, ಕಾಯಿ ಮೂರನ್ನೂ ಮರೆತ ಗಸಗಸೆ ಪಾಯಸ ಅದು. ಅವರ ಗಸಗಸೆ ನೀಲಿಗಪ್ಪು, ನಮ್ಮದು ಬಿಳಿ. "ಪಾಪ, ತೊಳ್ದಿಲ್ಲ ಅಂತ ಕಾಣತ್ತೆ" ಎಂದು ಅತ್ತೆ ಇನ್ನೆರಡು ಸಲ ನೀರು ಹಾಕಿ ಉಜ್ಜಿದರು.

ಮೊದಲ ನಕ್ಷತ್ರ ಕಾಣುವವರೆಗೆ ಊಟಕ್ಕೆ ಕೂರುವಂತಿಲ್ಲ. ಸಂಕಷ್ಟಿಯಲ್ಲಿ ಚಂದ್ರನಿಗೆ ಕಾದು ಪಳಗಿದ ಅತ್ತೆಗೆ ಇದು ಏನೂ ಅನ್ನಿಸಲಿಲ್ಲ. ಆದರೆ ಡಿಸೆಂಬರಿನ ಮಿಷಿಗನ್‌ನಲ್ಲಿ ಮೋಡ ಬಿಟ್ಟು ಬೇರೇನು ಕಾಣುತ್ತದೆ? ಹಸಿವು ತಾಳದ ನಮ್ಮ ಯಜಮಾನರು ಡೆಟ್ರಾಯಿಟ್ ಕಡೆಗೆ ಇಳಿಯುತ್ತಿದ್ದ ವಿಮಾನದ ದೀಪವನ್ನು ತೋರಿಸಿ, "ಅಗೋ ನಕ್ಷತ್ರ" ಎಂದರು. ಅದು ಮಿಣುಕುತ್ತ ಮುಂದೆ ಹೋಯಿತು. ಯಾರೂ ಆಕ್ಷೇಪಿಸಲಿಲ್ಲ.

ಮೇಜಿನ ಬಿಳಿ ಬಟ್ಟೆಯ ಅಡಿಯಲ್ಲಿ ಒಣಹುಲ್ಲು ಹರಡಿತ್ತು. ದೇವರು ಕೊಟ್ಟಿಗೆಯಲ್ಲಿ ಹುಟ್ಟಿದ್ದರ ನೆನಪಿಗೆ ಎಂದು ಆಂಟಿ ವಿವರಿಸಿದರು. ಹಸುವಿನ ಕೊಟ್ಟಿಗೆ ಎಂದ ಕೂಡಲೇ ಅತ್ತೆಯವರಿಗೆ ಆ ದೇವರ ಮೇಲೆ ಪೂರ್ಣ ವಿಶ್ವಾಸ ಬಂತು. ಮೀನು ಮಾಂಸವಲ್ಲ ಎಂಬ ವಿಷಯದಲ್ಲಿ ಮಾತ್ರ ಎರಡು ಸಂಸ್ಕೃತಿಗಳಿಗೂ ಒಮ್ಮತವಾಗದೆ, ಮೀನಿನ ತಟ್ಟೆಗಳು ಮೇಜಿನ ಆ ತುದಿಗೆ ಗಡೀಪಾರಾದವು. ನಾವು ನಾಲ್ಕೇ ಜನ. ಆದರೆ ಐದನೆಯ ತಟ್ಟೆಯೊಂದಿತ್ತು, ಖಾಲಿ, ಅದರ ಮೇಲೆ ಒಂದು ಸಣ್ಣ ಮೇಣದಬತ್ತಿ ಉರಿಯುತ್ತಿತ್ತು.

ಅತ್ತೆ ನನ್ನ ಕಿವಿಯಲ್ಲಿ, "ಹಿರೀಕರಿಗಾ?" ಎಂದರು. ಇರಬೇಕು ಅತ್ತೆ ಎಂದೆ. ದೀಪ ಹಚ್ಚಿ ಏನೂ ಬಡಿಸದೆ ಬಿಟ್ಟಿದ್ದು ಅವರಿಗೆ ಸಹಿಸಲಾಗಲಿಲ್ಲ. ಎದ್ದವರೇ ಅಣಬೆ, ಬಟಾಣಿ, ಬೀಟ್‌ರೂಟ್, ಗಸಗಸೆ ಹಾಲು ಎಲ್ಲದರಲ್ಲೂ ಒಂದೊಂದು ಚೂರು ಆ ತಟ್ಟೆಗೆ ಬಡಿಸಿ, ಸುತ್ತ ನೀರು ಬಿಟ್ಟು, "ಉಂಡು ತಣ್ಣಗಿರಿ, ಮನೆ ಕಾಯಿರಿ" ಎಂದು ಕೈಮುಗಿದು, ನಮ್ಮ ಕಡೆ ತಿರುಗಿದರು.

"ಎಲ್ರೂ ಏಳಿ. ಆಚೆ ನಡೀರಿ."

"ಆಚೆ ನೀರು ಹೆಪ್ಪುಗಟ್ಟೋ ಚಳಿ, ಹದಿನೆಂಟು ಡಿಗ್ರಿ ಫ್ಯಾರನ್‌ಹೀಟ್ ಇದೆ ಅತ್ತೆ!"

"ನಾವು ಬಾಯಿ ನೋಡ್ತಾ ಕೂತಿದ್ರೆ ಅವ್ರು ಹೇಗೆ ಉಣ್ತಾರೆ? ಎಡೆ ಇಟ್ಮೇಲೆ ಬಾಗ್ಲು ಹಾಕಿ ಒಂದು ಗಳಿಗೆ ಹೊರಗಿರ್ಬೇಕು, ಮರ್ತ್ಬಿಟ್ಯಾ?"

ನಾನು ಆಂಟಿಗೆ ಹೇಳಿದೆ. ಅವರು ತುಂಬಿದ ತಟ್ಟೆಯನ್ನೊಮ್ಮೆ ನೋಡಿ ಕೋಟು ಹಾಕಿಕೊಂಡರು. ಹೀಗೆ ಆ ಹಬ್ಬದ ಸಂಜೆ ನಾವು ನಾಲ್ವರೂ ಒಳಗೆ ಬಿಸಿ ಊಟ ಬಿಟ್ಟು ಹಿಮದ ಮೇಲೆ, ಮುಂಬಾಗಿಲ ಮೆಟ್ಟಿಲ ಬಳಿ ನಡುಗುತ್ತ ನಿಂತೆವು. ಸೀರೆಯ ಮೇಲೆ ಮಗನ ಜಾಕೆಟ್ಟು ತೊಟ್ಟಿದ್ದ ಅತ್ತೆ ಮಾತ್ರ ನಿರಾಳವಾಗಿದ್ದರು.

"ಆಯಮ್ಮನ ಯಜಮಾನ್ರಿಗೆ ಯಾವ್ದು ಇಷ್ಟ ಇತ್ತು ಕೇಳು. ಅದನ್ನ ಇನ್ನೊಂಚೂರು ಬಡಿಸ್ಬೋದಿತ್ತು."

ಆಂಟಿ ತಲೆಯಾಡಿಸಿದರು. "ಗಂಡನದಲ್ಲ. ಅವರನ್ನ ನೋಡೋಕೆ ಭಾನುವಾರ ಸ್ಮಶಾನಕ್ಕೇ ಹೋಗ್ತೀನಲ್ಲ. ಆ ತಟ್ಟೆ ಸತ್ತವರಿಗೂ ಇಡ್ತೀವಿ, ಬರೋಕಾಗದವರಿಗೂ ಇಡ್ತೀವಿ. ನಾನು ಇಡೋದು ನನ್ನಕ್ಕನಿಗೆ."

ನಾನು ಕನ್ನಡದಲ್ಲಿ ಹೇಳಿದೆ.

"ಯಾವ ಅಕ್ಕ? ಆ ಜೇನು ಸಾಕೋ ಅಕ್ಕನಾ? ಬದುಕಿರೋಳಿಗಾ? ಅಯ್ಯೋ ಶಿವನೇ, ಬದುಕಿರೋ ಹೆಂಗಸಿಗೆ ನನ್ನ ಕೈಯಾರೆ ಎಡೆ ಇಟ್ಬಿಟ್ಟೆನಲ್ಲೇ!"

ಅತ್ತೆ ಹಿಮ ಬಿದ್ದ ಮೆಟ್ಟಿಲ ಮೇಲೆಯೇ ಕುಸಿದು ಕೂತರು. ನಾನು ನಗಲು ಹೋಗಿ ನಿಲ್ಲಿಸಿದೆ, ಅವರು ನಿಜವಾಗಿಯೂ ಹೆದರಿದ್ದರು. ಎಬ್ಬಿಸಲು ಬಂದ ಮಗನ ಕೈ ಕೊಡವಿ, ಆಂಟಿಯ ಕೋಟಿನ ತೋಳು ಹಿಡಿದುಕೊಂಡರು.

"ಇವ್ಳಿಗೆ ಹೇಳು. ಇದಕ್ಕೆ ಒಂದೇ ದಾರಿ. ಇವ್ಳು ಹೋಗಿ, ತನ್ನ ಕೈಯಿಂದ ಅಕ್ಕನ ಬಾಯಿಗೆ ತುತ್ತು ಇಡ್ಬೇಕು. ಯಾರ ಹೆಸರಲ್ಲಿ ಬಡಿಸಿದ್ವೋ ಅವ್ಳು ಬಾಯಾರೆ ಉಂಡ್ರೆ ಅದು ಎಡೆ ಅಲ್ಲ, ಊಟ. ಇಲ್ದಿದ್ರೆ ನಂಗೆ ನೆಮ್ಮದಿ ಇಲ್ಲ. ಒಂದು ಮಾತೂ ಬಿಡ್ದೆ ಹೇಳು, ನೀನು ಅರ್ಧ ನುಂಗ್ತೀಯ ಅಂತ ನಂಗೊತ್ತು."

ಒಂದು ಮಾತೂ ಬಿಡದೆ ಹೇಳಿದೆ. ಮಂಡಿ ನೋವು, ಬೆಕ್ಕು, ಸೋರುವ ಸೂರು ಬರಬಹುದೆಂದು ಕಾದೆ. ಬರಲಿಲ್ಲ. ಆಂಟಿ ಬೀದಿಯ ಕಡೆ ನೋಡುತ್ತ ಹೇಳಿದರು: "ಹದಿನೈದು ದಿನಕ್ಕೆ ವಾಪಸು ಬರ್ತೀವಿ ಅಂತ ಅಪ್ಪ ನನ್ನ ಕರ್ಕೊಂಡು ಹೊರಟರು. ಅಮ್ಮನ್ನ, ಹಸುನ ನೋಡಿಕೊಳ್ಳೋಕೆ ಅಕ್ಕ ಉಳಿದಳು. ಬಂದ ಕಷ್ಟವೆಲ್ಲ ಅವಳಿಗೆ ಬಂತು. ಅಮ್ಮನ್ನ ಮಣ್ಣು ಮಾಡಿದ್ದೂ ಅವಳೊಬ್ಬಳೇ. ನನಗಿಲ್ಲಿ ಡಿಶ್‌ವಾಷರ್ರು, ಕಾರು. ಬಾಗಿಲು ತೆಗೆದು ನೀನು ಯಾರು ಅಂತ ಕೇಳಿದ್ರೆ ನಾನೇನು ಹೇಳಲಿ?"

ಅತ್ತೆ ಇದನ್ನು ನನ್ನ ಬಾಯಲ್ಲಿ ಕನ್ನಡದಲ್ಲಿ ಕೇಳಿಸಿಕೊಂಡು, "ಕೇಳ್ಲಿ. ಬಯ್ಯಲಿ. ಎರಡೇಟು ಹಾಕ್ಲಿ. ಅಕ್ಕ ತಾನೇ?" ಎಂದರು. ಆಮೇಲೆ ಎಲ್ಲರೂ ಒಳಗೆ ಹೋಗಿ ಆರಿದ ಊಟ ಮಾಡಿದೆವು.

ಜನವರಿ ಪೂರ್ತಿ ಅತ್ತೆ ಬೆಳಗಾದರೆ ಬೇಲಿಯ ಹತ್ತಿರ ನಿಂತು ವಿಮಾನದ ಹಾಗೆ ಕೈಯಾಡಿಸಿ ಹುಬ್ಬೇರಿಸುವರು. ಟಿಕೆಟ್ ತಗೊಂಡೆಯಾ ಎಂದು ಅರ್ಥ. ಆಂಟಿ ಇಲ್ಲವೆಂದು ತಲೆಯಾಡಿಸುವರು. ಒಂದು ದಿನ ಹೂಂ ಎಂದು ಆಡಿಸಿದರು. ನಮ್ಮ ಪಾದ್ರಿಗಳು ಜನ್ಮದಲ್ಲಿ ನನ್ನನ್ನು ಇಷ್ಟು ಹೆದರಿಸಿರಲಿಲ್ಲ ಎಂದು ನನ್ನ ಹತ್ತಿರ ಗೊಣಗಿದರು. ನಮ್ಮ ಯಜಮಾನರಿಗೆ ಸಂತೋಷಕ್ಕಿಂತ ಅವಮಾನವೇ ಹೆಚ್ಚಾಯಿತು. ಅಷ್ಟೊಂದು ನಕ್ಷೆ, ಬಣ್ಣದ ಚಿತ್ರ, ಬಸ್ಸಿನ ವೇಳೆ ಯಾವುದರಿಂದಲೂ ಆಗದ್ದನ್ನು ಅವರಮ್ಮ ಒಂದು ಚಮಚ ಬಟಾಣಿಯಿಂದ ಸಾಧಿಸಿದ್ದರು. ನಾವೂ ಜೊತೆಗೆ ಹೋಗುವ ಮಾತು ರಜೆ ಸಿಗದೆ ಬಿದ್ದುಹೋಯಿತು. ಯಜಮಾನರು ಬಾಲ್ಟಿಕ್ ಸಮುದ್ರವನ್ನು ಇವತ್ತಿಗೂ ಕಂಡಿಲ್ಲ, ಆದರೆ ಕೇಳಿದವರಿಗೆ ದಾರಿ ಹೇಳುತ್ತಾರೆ.

ಮಾರ್ಚಿ ತಿಂಗಳಲ್ಲಿ ಆಂಟಿಯನ್ನು ವಿಮಾನ ಹತ್ತಿಸಿದೆವು. ಬೆಕ್ಕು ನಮ್ಮ ಮನೆಗೆ ಬಂತು. ಆಮೇಲೆ ಸುದ್ದಿಯೇ ಇಲ್ಲ. ಫೋನು ರಿಂಗಾದಾಗಲೆಲ್ಲ ಅತ್ತೆ ಒಲೆಯ ಮುಂದಿಂದ ಓಡಿ ಬರುವರು. ಆ ಅಕ್ಕ ಬದುಕಿದ್ದಾಳೆ ತಾನೇ, ಉಂಡಳು ತಾನೇ ಎಂದು ನನ್ನನ್ನು ಕೇಳಿದರೆ ನಾನೇನು ಹೇಳಲಿ? ತಮಾಷೆ ಮಾಡುತ್ತಿದ್ದ ನನಗೂ ಒಳಗೊಳಗೆ ಹೆದರಿಕೆ ಹತ್ತಿತ್ತು.

ಅತ್ತೆ ಮೈಸೂರಿಗೆ ಹೊರಡುವ ವಾರ ಆಂಟಿ ಹಿಂತಿರುಗಿದರು. ಸೂಟ್‌ಕೇಸು ಮನೆಯೊಳಗಿಟ್ಟವರೇ ಒಂದು ಬಾಟಲಿ ಜೇನುತುಪ್ಪ ಹಿಡಿದು ನೇರ ನಮ್ಮ ಅಡುಗೆಮನೆಗೆ ಬಂದರು.

"ಉಂಡ್ಲಾ? ಮೊದ್ಲು ಅದನ್ನ ಕೇಳು."

ಉಂಡಿದ್ದಳು. ಬಸ್ಸಿಳಿದು, ಮನೆ ಸೇರಿ, ಕಪ್ಪು ಬ್ರೆಡ್ಡಿಗೆ ಜೇನು ಸವರಿ ಆಂಟಿ ತಾವೇ ಅಕ್ಕನ ಬಾಯಿಗಿಟ್ಟರಂತೆ. ಅಮೆರಿಕದಲ್ಲಿ ತಂಗಿಗೆ ತಲೆ ಕೆಟ್ಟಿದೆ ಎಂದುಕೊಂಡೇ ಅಕ್ಕ ಅದನ್ನು ಅಗಿದಳಂತೆ. ಆಮೇಲೆ ಎಡೆಯ ಕಥೆ ಕೇಳಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳಂತೆ. ಅತ್ತೆ ಜೋರಾಗಿ ಉಸಿರು ಬಿಟ್ಟು, ಕುರ್ಚಿಗೆ ಒರಗಿ, ಎಷ್ಟೋ ತಿಂಗಳ ಮೇಲೆ ಕಾಲು ಚಾಚಿದರು.

ಆದರೆ ಆಂಟಿಯ ಮಾತು ಮುಗಿದಿರಲಿಲ್ಲ. ನಗು ಕಂಡು ಧೈರ್ಯ ಬಂದು ಅವರೂ ಅಕ್ಕನನ್ನು ಕೇಳಿದ್ದರು. ಕ್ರಿಸ್‌ಮಸ್ ಊಟಕ್ಕೆ ನೀನೂ ನನಗೊಂದು ತಟ್ಟೆ ಇಡುತ್ತಿದ್ದೆ ತಾನೇ? ಇಲ್ಲ, ಒಂದು ವರ್ಷವೂ ಇಟ್ಟಿಲ್ಲ ಎಂದಳಂತೆ ಅಕ್ಕ. "ಒಂದು ವರ್ಷವೂ" ಎಂದು ಆಂಟಿ ನಮ್ಮ ಮೇಜಿನ ಮೇಲೆ ಬೆರಳಾಡಿಸಿದರು. ಅಷ್ಟು ವರ್ಷ ಹೆದರಿಕೊಂಡಿದ್ದು ಅದಕ್ಕೇ, ತನ್ನ ಲೆಕ್ಕ ಆ ಮನೆಯಲ್ಲಿ ಯಾವಾಗಲೋ ತೀರಿಹೋಗಿದೆ ಎಂದು ಅನ್ನಿಸಿ ಎದ್ದು ಹೋಗಲು ಕೋಟು ಹುಡುಕಿದರಂತೆ.

ಅತ್ತೆ ನನ್ನ ತೋಳು ಅಲುಗಿಸಿದರು. "ಏನಂದ್ಲು? ಯಾಕೆ ಸುಮ್ನಾದೆ? ಹೇಳೇ."

"ತಾಳಿ ಅತ್ತೆ" ಎಂದೆ. ಅಕ್ಕ ಕೋಟನ್ನು ಕಿತ್ತುಕೊಂಡು ಗದರಿದ ಮಾತನ್ನು ಆಂಟಿ ಆಗಷ್ಟೇ ಹೇಳಿದ್ದರು, ಅದನ್ನು ಕನ್ನಡದಲ್ಲಿ ಹೇಳಬೇಕಿತ್ತು.

"'ನಿಂಗ್ಯಾಕೆ ತಟ್ಟೆ ಇಡ್ಲಿ? ನೀನು ಆಚೆ ಹೋಗಿದ್ದೆ ಅಷ್ಟೆ, ಬರೋಳಿದ್ದೆ. ಬರೋಳಿಗೆ ಮುಂಚೇನೇ ಬಡಿಸಿಟ್ರೆ ಆರಿ ಹೋಗಲ್ವಾ?' ಅಂದ್ರಂತೆ ಅತ್ತೆ."